ಹಳೆಯ ಇಟಾಲಿಯನ್ ಕಾರಿಗೆ ಹೊಸ ಇಂಜಿನ್: ಒಂದು ಲೆಕ್ಕಾಚಾರ

ಕಳೆದ ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ ನನ್ನ ಕಕ್ಷಿದಾರರಾದ ಸಣ್ಣ ಕೈಗಾರಿಕೋದ್ಯಮಿಯೊಬ್ಬರು ಒಂದು ನಕ್ಷೆಯನ್ನು ಹಿಡಿದು ನಮ್ಮ ಕಚೇರಿಗೆ ಬಂದರು. ಪೀಣ್ಯದಲ್ಲಿ ಅವರದೊಂದು ಲೋಹ ಯಂತ್ರಗಾರಿಕೆಯ ಘಟಕವಿದೆ. ಬ್ರಿಟನ್ನಿನ ಕಾರ್ಯಾಗಾರವೊಂದು 40 ಜೊತೆ ಬ್ರಾಕೆಟ್‌ಗಳಿಗೆ ದರಪಟ್ಟಿ ಕೋರಿತ್ತು. ಇಟಲಿಯ ಫಿಯೆಟ್ ಎಕ್ಸ್ 1/9 ಎಂಬ ಹಳೆಯ ಕ್ರೀಡಾ ಕಾರಿನಲ್ಲಿ ಜಪಾನಿನ ಹೋಂಡಾ ಕಂಪನಿಯ ಕೆ20 ಇಂಜಿನ್ನನ್ನು ಕೂರಿಸಲು ಬೇಕಾದ ಬಿಡಿಭಾಗಗಳವು.

ನಕ್ಷೆಯ ತಳದಲ್ಲಿ ಒಂದು ಷರತ್ತು ಇತ್ತು. ಕಾರಿನ ಮೂಲ ಒಡಲಿನಲ್ಲಿ ಹೊಸ ರಂಧ್ರ ಕೊರೆಯುವಂತಿಲ್ಲ, ಕತ್ತರಿಸುವಂತಿಲ್ಲ, ಬೆಸುಗೆ ಹಾಕುವಂತಿಲ್ಲ. ಈಗಾಗಲೇ ಇರುವ ರಂಧ್ರಗಳಿಗೇ ಬ್ರಾಕೆಟ್ ಹೊಂದಿಕೊಳ್ಳಬೇಕು.

"ಈ ಒಂದು ಸಾಲನ್ನು ಬಿಡಿಸಿದರೆ ನನ್ನ ವೆಚ್ಚದಲ್ಲಿ ಕಾಲು ಭಾಗ ಉಳಿಯುತ್ತದೆ. ಹೇಗೂ ಹಳೆಯ ಕಾರು, ಹೇಗೂ ಇಂಜಿನ್ ತೆಗೆಯುತ್ತಾರೆ. ಎರಡು ತೂತು ಕೊರೆದರೆ ಗಂಟೇನು ಹೋಗುತ್ತದೆ? ಷರತ್ತು ಸಡಿಲಿಸುವಂತೆ ಒಂದು ಪತ್ರ ಬರೆದುಕೊಡಿ" ಎಂದರು. ಮೇಲ್ನೋಟಕ್ಕೆ ನ್ಯಾಯವಾದ ಮಾತು. ಆದರೆ ಗ್ರಾಹಕನು ಹಣ ಕೊಟ್ಟು ಕೇಳುವ ಷರತ್ತಿನ ಹಿಂದೆ ಕಾರಣವಿಲ್ಲದೆ ಇರದು ಎಂಬುದು ನನ್ನ ವೃತ್ತಿಯ ಅನುಭವ. ಒಂದು ವಾರದ ಕಾಲಾವಕಾಶ ಕೇಳಿದೆ. ಆ ವಾರದಲ್ಲಿ ಓದಿ ತಿಳಿದುದನ್ನು ಉದ್ಯಮಿ ಮಿತ್ರರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿದ್ದೇನೆ.

ಬದಲಾವಣೆಗೆ ಕಾರಣವೇನು?

ಫಿಯೆಟ್ ಎಕ್ಸ್ 1/9 ಕಾರು 1972ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ವಿನ್ಯಾಸ ಟ್ಯೂರಿನ್ನಿನ ಬೆರ್ಟೋನೆ ಸಂಸ್ಥೆಯದು. ಎರಡೇ ಆಸನಗಳು, ಆಸನಗಳ ಹಿಂದೆ ಅಡ್ಡಲಾಗಿ ಕುಳಿತ ಇಂಜಿನ್. ಆರಂಭದಲ್ಲಿ 1290 ಸಿಸಿ, ಅನಂತರ 1498 ಸಿಸಿ ಸಾಮರ್ಥ್ಯ. ದೊಡ್ಡ ಇಂಜಿನ್ನಿನ ಶಕ್ತಿಯೂ ಸುಮಾರು 85 ಅಶ್ವಶಕ್ತಿಯಷ್ಟೇ. 1989ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು.

ಹೋಂಡಾದ ಕೆ20 ಇಂಜಿನ್ 2001ರಲ್ಲಿ ಬಂದಿತು. 1998 ಸಿಸಿ ಸಾಮರ್ಥ್ಯದ ಈ ಅಲ್ಯೂಮಿನಿಯಂ ಇಂಜಿನ್ ತನ್ನ ಕ್ರೀಡಾ ರೂಪಗಳಲ್ಲಿ ಸುಮಾರು 200 ಅಶ್ವಶಕ್ತಿ ನೀಡುತ್ತದೆ. ಮುಂಚಕ್ರ ಚಾಲನೆಯ ಕಾರುಗಳಿಗಾಗಿ ಅಡ್ಡಲಾಗಿ ಕೂರುವಂತೆ ರೂಪಿಸಿದ್ದರಿಂದ, ಅದನ್ನು ಗೇರ್‌ಪೆಟ್ಟಿಗೆಯ ಸಮೇತ ಎತ್ತಿ ಎಕ್ಸ್ 1/9ರ ಹಿಂಬದಿಗೆ ಇಡಬಹುದು. ಸುಮಾರು 900 ಕಿಲೋ ತೂಕದ ಕಾರಿಗೆ ಎರಡು ಪಟ್ಟಿಗೂ ಮೀರಿದ ಶಕ್ತಿ ದೊರೆಯುತ್ತದೆ. ಮುಂಜಾನೆಯ ಚಳಿಯಲ್ಲಿ ಕಾರ್ಬ್ಯುರೇಟರ್ ಜೊತೆ ಗುದ್ದಾಡುವ ಕಷ್ಟವೂ ತಪ್ಪುತ್ತದೆ.

ಇಟಲಿಗೆ ಇದು ಹೊಸತಲ್ಲ

ಒಬ್ಬರ ಒಡಲಿಗೆ ಮತ್ತೊಬ್ಬರ ಇಂಜಿನ್ ಜೋಡಿಸುವುದನ್ನು ಇಟಲಿಯ ತಯಾರಕರೇ ವ್ಯಾಪಾರವಾಗಿ ಮಾಡಿದ್ದಾರೆ. ರೆಫ್ರಿಜರೇಟರ್ ಮತ್ತು ಸ್ಕೂಟರ್ ತಯಾರಿಸುತ್ತಿದ್ದ ಈಸೊ ಸಂಸ್ಥೆಯು 1960ರ ದಶಕದಲ್ಲಿ ಅಮೆರಿಕದ ಷೆವ್ರೊಲೆ ಇಂಜಿನ್ ತರಿಸಿ ಗ್ರಿಫೊ ಎಂಬ ಭವ್ಯ ಕಾರನ್ನು ಮಾಡಿತು. 1971ರಲ್ಲಿ ಬಂದ ಡಿ ತೊಮಾಸೊ ಪಾಂತೆರಾ ಕಾರಿನಲ್ಲಿ ಇದ್ದುದು ಫೋರ್ಡ್ ಕಂಪನಿಯ 5.8 ಲೀಟರ್ ಇಂಜಿನ್.

ಫೆರಾರಿಯ ಉದಾಹರಣೆ ಇನ್ನೂ ಸ್ವಾರಸ್ಯಕರ. 1967ರ ಫಾರ್ಮುಲಾ 2 ಸ್ಪರ್ಧೆಯ ನಿಯಮದಂತೆ, ಕನಿಷ್ಠ 500 ಕಾರುಗಳಲ್ಲಿ ಬಳಕೆಯಾದ ಇಂಜಿನ್ ಮಾತ್ರ ಅರ್ಹವಾಗಿತ್ತು. ಅಷ್ಟು ಕಾರುಗಳನ್ನು ಅಲ್ಪಾವಧಿಯಲ್ಲಿ ತಯಾರಿಸುವ ಶಕ್ತಿ ಅಂದಿನ ಫೆರಾರಿಗೆ ಇರಲಿಲ್ಲ. ಆದ್ದರಿಂದ ಫಿಯೆಟ್ ಜೊತೆ ಒಪ್ಪಂದವಾಗಿ, ಫೆರಾರಿಯ ವಿ6 ಇಂಜಿನ್ ಹೊತ್ತ ಫಿಯೆಟ್ ಡೀನೊ ಹುಟ್ಟಿತು. ಅದೇ ವಂಶದ ಇಂಜಿನ್ ಲಾಂಚಿಯಾ ಸ್ಟ್ರಾಟೊಸ್ ಕಾರನ್ನು ಸೇರಿ 1974, 1975 ಮತ್ತು 1976ರಲ್ಲಿ ವಿಶ್ವ ರ‍್ಯಾಲಿ ಪ್ರಶಸ್ತಿ ಗೆದ್ದಿತು.

ನಮ್ಮಲ್ಲಿಯೂ ಒಂದು ನಿದರ್ಶನವಿದೆ. 1985ರಲ್ಲಿ ಬಂದ ಪ್ರೀಮಿಯರ್ 118 ಎನ್‌ಇ ಕಾರನ್ನು ಓದುಗರಲ್ಲಿ ಹಲವರು ಓಡಿಸಿರಬಹುದು. ಅದರ ಒಡಲು ಇಟಲಿಯ ಫಿಯೆಟ್ 124. ಒಳಗಿದ್ದುದು ಜಪಾನಿನ ನಿಸ್ಸಾನ್ ಎ12 ಇಂಜಿನ್.

ಕಾರ್ಖಾನೆಯ ದೃಷ್ಟಿಯಲ್ಲಿ ಇಂಜಿನ್ ಒಂದು ಬಿಡಿಭಾಗ ಮಾತ್ರ. ಹಾಗಾದರೆ ಕಾರು ಹಳೆಯದಾದ ಮೇಲೆ ಅದರ ಬದಲಾವಣೆಗೆ ಇಷ್ಟೊಂದು ಎಚ್ಚರಿಕೆ ಏಕೆ?

ವೆಚ್ಚದ ತಃಖ್ತೆ

ಮೊದಲು ಖರ್ಚಿನ ಬಾಬತ್ತುಗಳನ್ನು ನೋಡೋಣ. ಬಳಸಿದ ಇಂಜಿನ್ನಿನ ಬೆಲೆ ಒಟ್ಟು ವೆಚ್ಚದ ಒಂದು ಅಂಶ ಮಾತ್ರ. ಹೊಸಬರು ಎಡವುವುದೇ ಇಲ್ಲಿ. ಇಂಜಿನ್ ನಿಲ್ಲಲು ಬ್ರಾಕೆಟ್ ಬೇಕು. ಹೋಂಡಾ ಗೇರ್‌ಪೆಟ್ಟಿಗೆಯಿಂದ ಫಿಯೆಟ್ ಚಕ್ರಕ್ಕೆ ತಲುಪುವ ವಿಶೇಷ ಚಾಲಕ ದಂಡಗಳು ಬೇಕು. ಕಾರ್ಬ್ಯುರೇಟರಿಗೆ ಅತ್ಯಲ್ಪ ಒತ್ತಡದ ಇಂಧನ ಸಾಕಾಗಿತ್ತು. ಹೊಸ ಇಂಜೆಕ್ಷನ್ ವ್ಯವಸ್ಥೆಗೆ 3 ಬಾರ್‌ಗೂ ಮೀರಿದ ಒತ್ತಡ ಬೇಕಾದ್ದರಿಂದ ಪಂಪು, ಕೊಳವೆಗಳೆರಡೂ ಬದಲಾಗಬೇಕು. ಎಕ್ಸ್ 1/9ರ ರೇಡಿಯೇಟರ್ ಮುಂದಿದೆ, ಇಂಜಿನ್ ಹಿಂದಿದೆ; ಹೆಚ್ಚಿದ ಶಾಖವನ್ನು ಕಾರಿನ ಉದ್ದಕ್ಕೂ ಸಾಗಿಸಬೇಕು. ವಿದ್ಯುನ್ಮಾನ ನಿಯಂತ್ರಣ ಘಟಕ, ಅದರ ತಂತಿಜಾಲ, ಹೊಗೆ ಕೊಳವೆ, ಗೇರ್ ಬದಲಿಸುವ ಕೊಂಡಿ ಇವೆಲ್ಲ ಪ್ರತ್ಯೇಕ ಬಾಬತ್ತುಗಳು. ಕೊನೆಯದಾಗಿ, 85 ಅಶ್ವಶಕ್ತಿಗೆಂದು ಮಾಡಿದ ಬ್ರೇಕುಗಳನ್ನು 200 ಅಶ್ವಶಕ್ತಿಗೆ ಹಾಗೆಯೇ ಬಿಡುವುದು ಪ್ರಾಣಾಪಾಯಕ್ಕೆ ದಾರಿ.

ಈ ಬಾಬತ್ತುಗಳಲ್ಲಿ ಬಹುತೇಕ ಎಲ್ಲವೂ ಸಣ್ಣ ಕಾರ್ಯಾಗಾರಗಳು ತಯಾರಿಸುವಂಥವು ಎಂಬುದು ನಮ್ಮ ಓದುಗರಿಗೆ ಗಮನಾರ್ಹ.

ಕಾನೂನಿನ ತೂಕ, ಮಾರುಕಟ್ಟೆಯ ತೂಕ

ಭಾರಿ ಮಾರ್ಪಾಟು ಹೊಂದಿದ ಕಾರು ತನ್ನ ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಬಹುದೇ ಎಂದು ತೀರ್ಮಾನಿಸಲು ಬ್ರಿಟನ್ನಿನ ವಾಹನ ಪ್ರಾಧಿಕಾರವು ಬಹುಕಾಲ ಅಂಕಗಳ ಪದ್ಧತಿಯನ್ನು ಬಳಸಿತು. ಮೂಲ ಚೌಕಟ್ಟು ಅಥವಾ ಒಡಲಿಗೆ 5 ಅಂಕ. ಸಸ್ಪೆನ್ಷನ್, ಅಚ್ಚು, ಗೇರ್ ವ್ಯವಸ್ಥೆ ಮತ್ತು ಸ್ಟೀರಿಂಗಿಗೆ ತಲಾ 2. ಇಂಜಿನ್ನಿಗೆ ಕೇವಲ 1. ಒಟ್ಟು 14ರಲ್ಲಿ 8 ದೊರೆತರೆ ಸಾಕು, ಆದರೆ ಅದರಲ್ಲಿ ಒಡಲಿನ ಅಂಕ ಇರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಅನಂತರದ ಕಾರಿಗೆ ಬೇರೆ ಇಂಜಿನ್ ಹಾಕಿದರೆ ಅದು ಕಾರಿನಷ್ಟೇ ಅಥವಾ ಅದಕ್ಕಿಂತ ಹೊಸ ವರ್ಷದ್ದಾಗಿರಬೇಕು, ತನ್ನ ಮಾಲಿನ್ಯ ನಿಯಂತ್ರಣ ಸಾಧನಗಳನ್ನೆಲ್ಲ ಜೊತೆಗೆ ತಂದಿರಬೇಕು.

ಭಾರತದ ನಿಲುವು ಹೆಚ್ಚು ಬಿಗಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, 50 ವರ್ಷ ಮೀರಿದ ವಾಹನಕ್ಕೆ ವಿಶೇಷ ನೋಂದಣಿ ದೊರೆಯಬೇಕಾದರೆ ಅದು ಮೂಲ ಸ್ವರೂಪದಲ್ಲಿರಬೇಕು. ಚೌಕಟ್ಟು, ಒಡಲು, ಇಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು.

ಬ್ರಿಟನ್ನಿನ ಅಂಕಪಟ್ಟಿಯಲ್ಲಿ 14ರಲ್ಲಿ ಒಂದೇ ಅಂಕ ಪಡೆದ ಇಂಜಿನ್ನಿಗೆ ಹರಾಜುಕಟ್ಟೆಯಲ್ಲಿ ದೊರೆಯುವ ತೂಕವೇ ಬೇರೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ 1962ರ ಫೆರಾರಿ 250 ಜಿಟಿಒ ಒಂದು 4 ಕೋಟಿ 84 ಲಕ್ಷ ಡಾಲರಿಗೆ ಹರಾಜಾಯಿತು. ಅದರ ಮೂಲ ಇಂಜಿನ್ ಅದರಲ್ಲೇ ಉಳಿದಿತ್ತೆಂಬುದು ಆ ಬೆಲೆಯ ಆಧಾರಗಳಲ್ಲೊಂದು. 2006ರಿಂದ ಫೆರಾರಿಯ ಕ್ಲಾಸಿಕೆ ವಿಭಾಗವು ಹಳೆಯ ಕಾರುಗಳನ್ನು ಕಾರ್ಖಾನೆಯ ದಾಖಲೆಗಳೊಂದಿಗೆ ತಾಳೆ ನೋಡಿ ಪ್ರಮಾಣಪತ್ರ ನೀಡುತ್ತಿದೆ. ಆ ತಪಾಸಣೆಯಲ್ಲಿ ಇಂಜಿನ್ನಿನ ಸಂಖ್ಯೆ ಮುಖ್ಯ ಸಾಕ್ಷಿ.

ಕಾಲ ಕಲಿಸಿದ ಪಾಠ

ಬೆಲೆಬಾಳುವ ಫೆರಾರಿಗೆ ಈ ಎಚ್ಚರ ಸರಿ. ಒಂದೂವರೆ ಲಕ್ಷ ತಯಾರಾದ ಫಿಯೆಟ್ಟಿಗೆ ಏಕೆ ಎಂದು ಕೇಳಬಹುದು. ನನ್ನ ಕಕ್ಷಿದಾರರೂ ಅದನ್ನೇ ಕೇಳಿದರು.

ಇಂದಿನ ಫೆರಾರಿಗಳೂ ಒಂದು ಕಾಲಕ್ಕೆ ಬರಿಯ ಹಳೆಯ ಕಾರುಗಳಾಗಿದ್ದವು. 250 ಜಿಟಿಒ ಕಾರುಗಳಲ್ಲೊಂದು 1960ರ ದಶಕದಲ್ಲಿ ಟೆಕ್ಸಾಸ್‌ನ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳಿಗೆ ರಿಪೇರಿ ಕಲಿಯಲು ಒದಗಿ, 1972ರಲ್ಲಿ 6,500 ಡಾಲರಿಗೆ ಮಾರಾಟವಾಯಿತು. ಅಮೆರಿಕದಲ್ಲಿ 1950ರ ದಶಕದ ಹಲವು ರೇಸ್ ಫೆರಾರಿಗಳ ಇಂಜಿನ್ ಕೆಟ್ಟಾಗ, ದುರಸ್ತಿ ದುಬಾರಿಯೆಂದು ಮಾಲೀಕರು ಅಗ್ಗದ ಷೆವ್ರೊಲೆ ಇಂಜಿನ್ ಜೋಡಿಸಿದರು. ಅಂದಿನ ಲೆಕ್ಕಕ್ಕೆ ಅದು ತಪ್ಪಲ್ಲ. ಕಾರು ಓಡಬೇಕಿತ್ತು, ಓಡಿತು. ತಪ್ಪಾದದ್ದು ಹಳೆಯ ಇಂಜಿನ್ನನ್ನು ಕೈಬಿಟ್ಟದ್ದು. ದಶಕಗಳ ನಂತರ ಆ ಕಾರುಗಳ ಹೊಸ ಮಾಲೀಕರು ಸಂಖ್ಯೆ ಹಿಡಿದು ಮೂಲ ಇಂಜಿನ್ನಿಗಾಗಿ ದೇಶವಿಡೀ ಹುಡುಕಿದರು. ಕೆಲವರಿಗೆ ದೊರೆಯಿತು, ಕೆಲವರಿಗೆ ದೊರೆಯಲೇ ಇಲ್ಲ.

ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನದು ಇದೇ ಪಾಠವನ್ನು ನಿಯಮವಾಗಿ ಬರೆದಿದೆ. ಬಳಕೆಗಾಗಿ ಮಾಡುವ ಮಾರ್ಪಾಟು ಹಿಂದಿನ ಸ್ಥಿತಿಗೆ ಮರಳಿಸುವಂತಿರಬೇಕು. ತೆಗೆದ ಮುಖ್ಯ ಮೂಲಭಾಗಗಳನ್ನು ವಾಹನದೊಡನೆ ಉಳಿಸಿಕೊಳ್ಳಬೇಕು ಎಂಬುದು ಅದರ ಆಶಯ.

ಲೆಕ್ಕಪುಸ್ತಕ ಹೇಳದ ಮಾತು

ನಮ್ಮ ಲೆಕ್ಕಪತ್ರ ಮಾನಕ 10ರ ಪ್ರಕಾರ, ಯಂತ್ರದ ಮುಖ್ಯ ಭಾಗವೊಂದನ್ನು ಬದಲಿಸಿದಾಗ ಹೊಸ ಭಾಗದ ವೆಚ್ಚವನ್ನು ಆಸ್ತಿಗೆ ಸೇರಿಸಿ, ಹಳೆಯ ಭಾಗದ ಉಳಿಕೆ ಮೌಲ್ಯವನ್ನು ಪುಸ್ತಕದಿಂದ ತೆಗೆದುಹಾಕುತ್ತೇವೆ. ಉತ್ಪಾದನೆಗೆ ಬಳಸುವ ಯಂತ್ರಕ್ಕೆ ಇದು ಯುಕ್ತವಾದ ಕ್ರಮ. ಆದರೆ ಒಂದು ಆಸ್ತಿಯ ಮೌಲ್ಯ ಎರಡು ಕಡೆ ನೆಲೆಸಿರಬಹುದು: ಅದು ಮಾಡುವ ಕೆಲಸದಲ್ಲಿ ಮತ್ತು ಅದರ ಗುರುತಿನಲ್ಲಿ. ಹೊಸ ಇಂಜಿನ್ ಮೊದಲನೆಯದನ್ನು ಹೆಚ್ಚಿಸುತ್ತದೆ, ಎರಡನೆಯದನ್ನು ಕುಗ್ಗಿಸುತ್ತದೆ. ಇಂದು ಎಕ್ಸ್ 1/9ರಲ್ಲಿ ಕೆಲಸದ ಮೌಲ್ಯವೇ ದೊಡ್ಡದು, ಆದ್ದರಿಂದ ಬದಲಾವಣೆ ಸಮರ್ಥನೀಯ. ಆದರೆ ಈ ಕಾರುಗಳಿಗೆ ತುಕ್ಕಿನ ಕಾಟ ಬಹಳ; ವರ್ಷಗಳೆದಂತೆ ಉಳಿದವು ಕಡಿಮೆಯಾಗುತ್ತಿವೆ. ಇನ್ನು 20 ವರ್ಷಗಳ ಬಳಿಕ ತಕ್ಕಡಿ ಯಾವ ಕಡೆ ವಾಲುವುದೋ ಈಗ ಹೇಳಲಾಗದು.

ಒಡಲಿಗೆ ಹೊಸ ತೂತು ಬೀಳದಿದ್ದರೆ, ಹಳೆಯ ಇಂಜಿನ್ ಗ್ಯಾರೇಜಿನ ಮೂಲೆಯಲ್ಲಿ ಉಳಿದಿದ್ದರೆ, ಮಾಲೀಕನು ಅಂದು ಹಿಂದಕ್ಕೆ ಹೋಗಬಲ್ಲ. ನಕ್ಷೆಯ ಆ ಷರತ್ತು ಅವನಿಗೆ ಕಾಯ್ದಿರಿಸುವುದು ಈ ಹಕ್ಕನ್ನು. ಬ್ರಾಕೆಟ್ಟಿನ ವೆಚ್ಚದ ಕಾಲು ಭಾಗ ಅದರ ವಿಮಾಕಂತು ಇದ್ದಂತೆ.

ಮುಂದೆ ಆದದ್ದು

ಷರತ್ತು ಸಡಿಲಿಸುವ ಪತ್ರವನ್ನು ನಾನು ಬರೆಯಲಿಲ್ಲ. ಷರತ್ತನ್ನು ಪೂರ್ತಿ ಒಪ್ಪಿ, ಅದಕ್ಕೆ ತಗಲುವ ವೆಚ್ಚವನ್ನು ದರಪಟ್ಟಿಯಲ್ಲಿ ಮುಚ್ಚುಮರೆಯಿಲ್ಲದೆ ಬೇರೆ ಸಾಲಾಗಿ ತೋರಿಸುವಂತೆ ಸಲಹೆ ನೀಡಿದೆ. ಕಕ್ಷಿದಾರರು ತಮ್ಮದೇ ಬುದ್ಧಿಯಿಂದ ಇನ್ನೊಂದು ಸಾಲು ಸೇರಿಸಿದರು: ತೆಗೆದ ಫಿಯೆಟ್ ಇಂಜಿನ್ನನ್ನು ಕೆಡದಂತೆ ನಿಲ್ಲಿಸಿಡಲು ಉಕ್ಕಿನ ಒಂದು ಪೀಠ. ಗ್ರಾಹಕರು ದರದಲ್ಲಿ ಚೌಕಾಸಿ ಮಾಡದೆ 40 ಜೊತೆ ಬ್ರಾಕೆಟ್‌ಗಳಿಗೆ ಬೇಡಿಕೆ ಕಳುಹಿಸಿದರು. ಪೀಠಗಳನ್ನೂ 12 ಕೇಳಿದರು. ಮೊತ್ತ ದೊಡ್ಡದಲ್ಲ. ಆದರೆ ಷರತ್ತು ಬಿಡಿಸುವ ಪತ್ರ ಹೋಗಿದ್ದರೆ ಬೇಡಿಕೆಯೇ ಬರುತ್ತಿರಲಿಲ್ಲ ಎಂದು ಅವರೇ ಈಗ ಹೇಳುತ್ತಾರೆ.

ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಯಂತ್ರ, ಹಳೆಯ ಕಟ್ಟಡ, ತಂದೆಯ ಕಾಲದ ಅಂಗಡಿಯ ಹೆಸರು ಇವುಗಳನ್ನು ನವೀಕರಿಸುವ ಆಲೋಚನೆಯಲ್ಲಿರುತ್ತೀರಿ. ನವೀಕರಣ ಬೇಡವೆಂದು ಯಾವ ಲೆಕ್ಕಪರಿಶೋಧಕನೂ ಹೇಳನು. ಆದರೆ ಹಣ ತೆಗೆಯುವ ಮೊದಲು, ಈ ಕೆಲಸವನ್ನು ಮುಂದೊಂದು ದಿನ ಹಿಂದಕ್ಕೆ ತಿರುಗಿಸಬಹುದೇ, ತಿರುಗಿಸುವಂತೆ ಮಾಡಲು ಎಷ್ಟು ಹೆಚ್ಚು ತಗಲುತ್ತದೆ ಎಂಬೆರಡು ಪ್ರಶ್ನೆಗಳನ್ನು ಗುತ್ತಿಗೆದಾರನಿಗೆ ಕೇಳಿರಿ. ಉತ್ತರವನ್ನು ಬರೆಹದಲ್ಲಿ ಪಡೆದ ನಂತರವೇ ಹಳೆಯದನ್ನು ಗುಜರಿಯವನಿಗೆ ತೂಗಿ ಕೊಡುವ ವಿಚಾರ ಮಾಡುವುದು ಒಳ್ಳೆಯದು.