ಸೀಸವೇ ಇಲ್ಲದ ಸೀಸದ ಕಡ್ಡಿ

ನಮ್ಮ ಹಿರಿಯರ ಬಾಯಲ್ಲಿ ಪೆನ್ಸಿಲ್ ಅಂದರೆ ಸೀಸದ ಕಡ್ಡಿ. ಮಕ್ಕಳು ಅದನ್ನು ಕಚ್ಚಿದರೆ ‘ಸೀಸ ಹೊಟ್ಟೆಗೆ ಹೋಗುತ್ತೆ, ತೆಗಿಯೋ’ ಎಂಬ ಗದರಿಕೆ. ಆದರೆ ಪೆನ್ಸಿಲ್ಲಿನ ಆ ಕಪ್ಪು ಕಡ್ಡಿಯಲ್ಲಿ ಸೀಸ ಎಳ್ಳಷ್ಟೂ ಇಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು.

ತಪ್ಪು ಶುರುವಾದದ್ದು ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ. ಅಲ್ಲಿ 16ನೇ ಶತಮಾನದಲ್ಲಿ ಕೈಗೆ ಮಸಿ ಹತ್ತುವ ಮೆತ್ತನೆಯ ಖನಿಜ, ಅಂದರೆ ಗ್ರಾಫೈಟ್, ಸಿಕ್ಕಿತು. ಕುರಿಗಳ ಮೈಗೆ ಗುರುತು ಹಾಕಲು ಕುರಿಗಾಹಿಗಳು ಅದನ್ನು ಬಳಸಿದರಂತೆ. ಇದೂ ಒಂದು ಬಗೆಯ ಸೀಸವೆಂದು ಬಗೆದ ಜನ ‘ಕಪ್ಪು ಸೀಸ’ ಎಂದರು. 1779ರಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಅದು ಇಂಗಾಲವೆಂದು ತೋರಿಸಿಕೊಟ್ಟ. ವಜ್ರವೂ ಇಂಗಾಲವೇ. ಗ್ರಾಫೈಟಿನಲ್ಲಿ ಮಾತ್ರ ಪರಮಾಣುಗಳು ಪದರ ಪದರವಾಗಿದ್ದು, ಆ ಪದರಗಳು ಒಂದರ ಮೇಲೊಂದು ಸಡಿಲವಾಗಿ ಕೂತಿರುತ್ತವೆ. ಕಾಗದಕ್ಕೆ ತಿಕ್ಕಿದೊಡನೆ ಪದರ ಜಾರಿ ಅಲ್ಲೇ ಉಳಿಯುತ್ತದೆ. ನಾವು ಅಕ್ಷರ ಎನ್ನುವುದು ಅದನ್ನೇ.

ಇಂದಿನ ಪೆನ್ಸಿಲ್ ಹುಟ್ಟಿದ್ದು ಯುದ್ಧದ ಕೊರತೆಯಿಂದ. ಬ್ರಿಟನ್ನಿನೊಡನೆ ಕಾದಾಟಕ್ಕಿಳಿದ ಫ್ರಾನ್ಸಿಗೆ ಬಾರೋಡೇಲಿನ ಉತ್ತಮ ದರ್ಜೆಯ ಗ್ರಾಫೈಟ್ ಬರುವುದು ನಿಂತಿತು. ಆಗ ಅಲ್ಲಿನ ನಿಕೋಲಾ ಜಾಕ್ ಕಾಂಟೆ ಎಂಬಾತ ಕಡಿಮೆ ದರ್ಜೆಯ ಗ್ರಾಫೈಟನ್ನೇ ಪುಡಿ ಮಾಡಿ, ಜೇಡಿಮಣ್ಣು ಮತ್ತು ನೀರಿನೊಂದಿಗೆ ಕಲಸಿ, ಕಡ್ಡಿ ಹೊಸೆದು ಆವಿಗೆಯಲ್ಲಿ ಸುಟ್ಟ. 1795ರಲ್ಲಿ ಪೇಟೆಂಟ್ ಪಡೆದ. ನನಗೆ ಇದು ಅಪ್ಪಟ ಕುಂಬಾರಿಕೆಯಾಗಿಯೇ ಕಾಣುತ್ತದೆ. ಮಣ್ಣು ಹೆಚ್ಚಾದರೆ ಕಡ್ಡಿ ಗಡುಸು, ಗೆರೆ ತೆಳು, ಅದು ‘ಎಚ್’. ಗ್ರಾಫೈಟ್ ಹೆಚ್ಚಾದರೆ ಮೆದು, ದಟ್ಟ ಕಪ್ಪು, ಅದು ‘ಬಿ’. ಶಾಲಾ ಮಕ್ಕಳ ‘ಎಚ್‌ಬಿ’ ಇವೆರಡರ ನಡುವಿನದು. ಇಂದಿಗೂ ಕಾರ್ಖಾನೆಗಳು ಹಿಡಿದಿರುವುದು ಇದೇ ದಾರಿ. ಸುಟ್ಟ ಕಡ್ಡಿಯನ್ನು ಮೇಣದಲ್ಲಿ ಅದ್ದುತ್ತಾರೆ, ಬರವಣಿಗೆ ನುಣುಪಾಗಲೆಂದು.

ಇನ್ನು ಮರ. ಅದು ಮೆಂಡರಿನಲ್ಲಿ ಸಲೀಸಾಗಿ ಹೆರೆಯುವಂತಿರಬೇಕು, ಸಿಬಿರು ಏಳಬಾರದು. ಅಮೆರಿಕದವರು ‘ಸೀಡರ್’ ಎಂದು ಕರೆಯುವ ಪರಿಮಳದ ಮರವನ್ನು ನೆಚ್ಚಿದರು. ನಮ್ಮ ದೇಶದ ಪೆನ್ಸಿಲ್‌ಗಳಿಗೆ ಕಾಶ್ಮೀರದ ಪಾಪ್ಲರ್ ಮರ ಒದಗುತ್ತದೆ. ಪುಲ್ವಾಮಾ ಜಿಲ್ಲೆಯ ಊಖೂ ಎಂಬ ಹಳ್ಳಿಗೆ ‘ಪೆನ್ಸಿಲ್ ಹಳ್ಳಿ’ ಎಂದೇ ಹೆಸರು. ದಿಮ್ಮಿಗಳನ್ನು ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಒಣಗಿಸಿ, ದೂರದ ಕಾರ್ಖಾನೆಗಳಿಗೆ ಕಳಿಸುವುದು ಅಲ್ಲಿನವರ ಕಸುಬು. ಕರ್ನಾಟಕದ ಒಂದನೇ ತರಗತಿಯ ಮಗುವಿನ ಕೈಯಲ್ಲಿರುವ ಪೆನ್ಸಿಲ್ಲೂ ಆ ಹಳ್ಳಿಯ ಮರದ್ದೇ ಇರಬಹುದು.

ಕಡ್ಡಿಯನ್ನು ಮರದೊಳಗೆ ತೂರಿಸುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ಹಾಗಲ್ಲ. ಪಟ್ಟಿಯ ಮೇಲೆ ಸಾಲಾಗಿ ತೋಡು ಕೊರೆದು, ಕಡ್ಡಿಗಳನ್ನು ಮಲಗಿಸಿ, ಅಂಥದೇ ಇನ್ನೊಂದು ಪಟ್ಟಿಯನ್ನು ಅಂಟಿನಿಂದ ಮುಚ್ಚಿ, ಆಮೇಲೆ ಒಂದೊಂದಾಗಿ ಕೊಯ್ಯುತ್ತಾರೆ. ಬಣ್ಣ ಹಚ್ಚದ ಪೆನ್ಸಿಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನ ಕರಿಚುಕ್ಕೆಯ ಎಡಬಲಕ್ಕೆ ಕೂದಲೆಳೆಯಷ್ಟು ಸಣ್ಣ ಬೆಸುಗೆ ಕಾಣುತ್ತದೆ.