ನರಕೋಶದ ಅಂಗಗಳು: ಲಕ್ಷಣವೂ ವರ್ಗೀಕರಣವೂ

ಶಾಸ್ತ್ರದಲ್ಲಿ ವಸ್ತುವನ್ನು ಕಂಡುಹಿಡಿಯುವುದು ಒಂದು ಕಾರ್ಯ. ಕಂಡ ವಸ್ತುವಿಗೆ ಎಲ್ಲರೂ ಒಪ್ಪತಕ್ಕ ಹೆಸರನ್ನೂ ಲಕ್ಷಣವನ್ನೂ ಗೊತ್ತುಮಾಡುವುದು ಮತ್ತೊಂದು. ಎರಡನೆಯದು ಸುಲಭವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ವ್ಯಾಕರಣ ತರ್ಕಗಳಲ್ಲಿ ಪರಿಶ್ರಮವುಳ್ಳ ವಾಚಕರಿಗೆ ಲಕ್ಷಣನಿರೂಪಣೆಯ ಕಷ್ಟವು ಅಪರಿಚಿತವಲ್ಲ. ಜೀವಶಾಸ್ತ್ರಜ್ಞರು ಅದೇ ಕಷ್ಟವನ್ನು ಎದುರಿಸಿ, ನರಕೋಶದ ಅಂಗಗಳಿಗೆ ಸರ್ವಸಾಧಾರಣವಾದ ಒಂದು ಪರಿಭಾಷೆಯನ್ನು ಕಟ್ಟಿಕೊಂಡಿರುವ ಬಗೆಯನ್ನು ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

ಮೊದಲು ಹೆಸರುಗಳ ಚರಿತ್ರೆಯನ್ನು ನೋಡೋಣ. ನರಕೋಶಕ್ಕೆ ಒಂದು ಒಡಲೂ, ಅದರಿಂದ ಹೊರಟ ಹಲವು ಚಾಚುಗಳೂ ಉಂಟು. ಈ ಚಾಚುಗಳಲ್ಲಿ ಮರದಂತೆ ಕವಲೊಡೆಯುವುವು ಹಲವು, ನೀಳವಾಗಿ ಸಾಗುವುದು ಒಂದು ಎಂಬ ಭೇದವನ್ನು ಜರ್ಮನಿಯ ಡೈಟರ್ಸನು ತೋರಿಸಿದನು. ಅವನ ಗ್ರಂಥವು ಅವನ ಮರಣಾನಂತರ ೧೮೬೫ರಲ್ಲಿ ಪ್ರಕಟವಾಯಿತು. ೧೮೭೩ರಲ್ಲಿ ಇಟಲಿಯ ಗಾಲ್ಜಿಯು ಬೆಳ್ಳಿಯ ಲವಣದಿಂದ ಕೆಲವೇ ಕೋಶಗಳು ಆಮೂಲಾಗ್ರವಾಗಿ ಕಪ್ಪೇರುವಂತೆ ಮಾಡುವ ವಿಧಾನವನ್ನು ಪ್ರಕಟಿಸಿದನು. ೧೮೮೮ರಿಂದ ಸ್ಪೇನಿನ ಕಹಾಲನು ಅದೇ ವಿಧಾನದಿಂದ, ಪ್ರತಿಯೊಂದು ನರಕೋಶವೂ ಸ್ವತಂತ್ರ ವ್ಯಕ್ತಿಯೆಂದು ಸಾಧಿಸುತ್ತ ಬಂದನು. ಆ ವ್ಯಕ್ತಿಗೆ ‘ನ್ಯೂರಾನ್’ ಎಂದು ೧೮೯೧ರಲ್ಲಿ ಹೆಸರಿಟ್ಟವನು ವಾಲ್ಡೈಯರ್. ಕವಲು ಚಾಚಿಗೆ ‘ಡೆಂಡ್ರೈಟ್’ ಎಂಬ ಹೆಸರು ಹಿಸ್ ಎಂಬವನಿಂದ ಬಂದಿತು. ನೀಳ ಚಾಚಿಗೆ ‘ಆಕ್ಸಾನ್’ ಎಂಬುದು ೧೮೯೬ರಲ್ಲಿ ಕೋಲಿಕರನಿಂದ. ಕೋಶಕೋಶಗಳ ಸಂಧಿಗೆ ‘ಸಿನಾಪ್ಸ್’ ಎಂಬುದು ೧೮೯೭ರಲ್ಲಿ ಷೆರಿಂಗ್‌ಟನ್ನನ ಬರಹದಲ್ಲಿ. ಹೀಗೆ ಬೇರೆ ಬೇರೆ ಪಂಡಿತರು, ಬೇರೆ ಬೇರೆ ದೃಷ್ಟಿಗಳಿಂದ, ಸುಮಾರು ಮೂವತ್ತು ವರ್ಷಗಳಲ್ಲಿ ಈ ಪರಿಭಾಷೆಯನ್ನು ಕೂಡಿಸಿದರು.

ದೃಷ್ಟಿಭೇದದಿಂದಲೇ ತೊಡಕು ಹುಟ್ಟಿತು. ಅಂಗವನ್ನು ಆಕಾರದಿಂದ ಗುರುತಿಸಬೇಕೆ, ವ್ಯಾಪಾರದಿಂದ ಗುರುತಿಸಬೇಕೆ? ಗಾಲ್ಜಿಯು ಆಕ್ಸಾನು ಉದ್ದವಾಗಿರುವ ಕೋಶಗಳನ್ನು ಒಂದನೆಯ ವರ್ಗವೆಂದೂ ಗಿಡ್ಡವಾಗಿರುವುವನ್ನು ಎರಡನೆಯ ವರ್ಗವೆಂದೂ ವಿಭಾಗಿಸಿ, ಮೊದಲನೆಯವು ಚಲನೆಗೂ ಎರಡನೆಯವು ವೇದನೆಗೂ ಸೇರಿದುವೆಂದು ಊಹಿಸಿದನು. ಆಕಾರವನ್ನು ಅವಲಂಬಿಸಿದ ವಿಭಾಗವು ಉಳಿಯಿತು. ವ್ಯಾಪಾರವನ್ನು ಕುರಿತ ಊಹೆಯು ಬಿದ್ದುಹೋಯಿತು. ಬಳಿಕ ಕಹಾಲನೂ ಬೆಲ್ಜಿಯಮಿನ ವಾನ್ ಗೆಹುಖ್ಟೆನನೂ, ನರವೇಗವು ಡೆಂಡ್ರೈಟಿನಿಂದ ಒಡಲ ಕಡೆಗೂ, ಒಡಲಿನಿಂದ ಆಕ್ಸಾನಿನ ಮೂಲಕ ಹೊರಕ್ಕೂ ಹರಿಯುತ್ತದೆಯೆಂಬ ನಿಯಮವನ್ನು ಪ್ರತಿಪಾದಿಸಿದರು. ಇದು ಬಹುಮಟ್ಟಿಗೆ ನಿಜ. ಆದರೆ ಬಹುಮಟ್ಟಿಗೆ ನಿಜವಾದುದೆಲ್ಲ ಲಕ್ಷಣವಾಗಲಾರದು.

ನಮ್ಮ ನೈಯಾಯಿಕರು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷಗಳನ್ನು ಹೇಳಿರುವರು. ಹಸುವಿಗೆ ಕಪಿಲವರ್ಣವನ್ನು ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು. ಕೊಂಬನ್ನು ಲಕ್ಷಣವೆಂದರೆ ಎಮ್ಮೆಯೂ ಒಳಸೇರುವುದು. ಒಂಟಿಗೊರಸೆಂದರೆ ಅದು ಯಾವ ಹಸುವಿನಲ್ಲಿಯೂ ಇಲ್ಲ. ಈ ಒರೆಗಲ್ಲಿಗೆ ಮೇಲಿನ ನಿಯಮವನ್ನು ಹಚ್ಚಿ ನೋಡಬಹುದು. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಸ್ಪರ್ಶಾದಿಗಳನ್ನು ಗ್ರಹಿಸುವ ಕೋಶಗಳಿವೆ. ಅವುಗಳ ಒಡಲಿನಿಂದ ಒಂದೇ ಚಾಚು ಹೊರಟು, ಎರಡಾಗಿ ಒಡೆದು, ಒಂದು ಕವಲು ಚರ್ಮಾದಿಗಳಿಗೂ ಮತ್ತೊಂದು ಬೆನ್ನುಹುರಿಗೂ ಹೋಗುತ್ತದೆ. ಚರ್ಮದ ಕಡೆಯ ಕವಲು ನರವೇಗವನ್ನು ಒಡಲ ದಿಕ್ಕಿಗೆ ತರುವುದರಿಂದ ವ್ಯಾಪಾರದಲ್ಲಿ ಡೆಂಡ್ರೈಟು. ನೀಳತನ, ಸಮನಾದ ದಪ್ಪ, ಅನೇಕ ವೇಳೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ, ಇವುಗಳಿಂದ ರಚನೆಯಲ್ಲಿ ಆಕ್ಸಾನು. ಆದುದರಿಂದ ‘ವೇಗವನ್ನು ಒಡಲ ಕಡೆಗೆ ತರುವುದೇ ಡೆಂಡ್ರೈಟು’ ಎಂಬ ಲಕ್ಷಣಕ್ಕೆ ಅತಿವ್ಯಾಪ್ತಿಯೂ, ‘ಒಡಲಿನಿಂದ ಒಯ್ಯುವುದೇ ಆಕ್ಸಾನು’ ಎಂಬುದಕ್ಕೆ ಅವ್ಯಾಪ್ತಿಯೂ ತಪ್ಪಿದುದಲ್ಲ. ಇನ್ನು ಕಣ್ಣಿನ ಅಕ್ಷಿಪಟಲದ ಅಮಕ್ರೈನ್ ಕೋಶಗಳಲ್ಲಿ ಬಹುಪಾಲಿಗೆ ಆಕ್ಸಾನೇ ಇಲ್ಲ. ಒಂದೇ ಚಾಚು ಸಂಕೇತವನ್ನು ಪಡೆಯುವುದೂ ಉಂಟು, ಕೊಡುವುದೂ ಉಂಟು.

ಒಬ್ಬನೇ ಬರೆದು ಒಬ್ಬನೇ ಓದುವಲ್ಲಿ ಇಂತಹ ಸಂದಿಗ್ಧತೆಯಿಂದ ಬಾಧೆಯಿಲ್ಲ. ಸಾವಿರಾರು ಪ್ರಯೋಗಶಾಲೆಗಳ ಫಲಿತಾಂಶಗಳನ್ನು ಯಂತ್ರದ ಸಹಾಯದಿಂದ ಒಂದುಗೂಡಿಸಬೇಕಾದಾಗ ಅದು ಸಹಿಸತಕ್ಕುದಲ್ಲ. ೧೯೯೮ರಲ್ಲಿ ಹಣ್ಣುನೊಣ, ಯೀಸ್ಟ್, ಇಲಿ ಇವುಗಳ ದತ್ತಸಂಗ್ರಹಗಳನ್ನು ನಡೆಸುತ್ತಿದ್ದವರು ಕೂಡಿ ‘ಜೀನ್ ಆಂಟಾಲಜಿ’ ಎಂಬ ಪರಿಭಾಷಾಕೋಶವನ್ನು ಆರಂಭಿಸಿದರು. ಇದರಲ್ಲಿ ಪ್ರತಿಯೊಂದು ಪದಾರ್ಥಕ್ಕೂ ಒಂದು ಸಂಖ್ಯೆ. ಹೆಸರು, ಲಕ್ಷಣ, ಪರ್ಯಾಯಪದಗಳು ಆ ಸಂಖ್ಯೆಯನ್ನು ಆಶ್ರಯಿಸಿವೆ. ಹೆಸರು ಬದಲಾದರೂ ಪದಾರ್ಥವು ಕೈತಪ್ಪದು.

ಮೇಲಿನ ತೊಡಕಿಗೆ ಈ ಕೋಶವು ಕಂಡುಕೊಂಡಿರುವ ಉಪಾಯವು ಗಮನಾರ್ಹವಾದುದು. ‘ನರಕೋಶದ ಚಾಚು’ ಎಂಬ ಸಾಮಾನ್ಯಪದವನ್ನು ೦೦೪೩೦೦೫ ಎಂಬ ಸಂಖ್ಯೆಯಲ್ಲಿಟ್ಟು, ಆಕ್ಸಾನನ್ನೂ (೦೦೩೦೪೨೪) ಡೆಂಡ್ರೈಟನ್ನೂ (೦೦೩೦೪೨೫) ಅದರ ವಿಶೇಷಗಳನ್ನಾಗಿ ಮಾಡಿದೆ. ಯಾವುದೆಂದು ನಿರ್ಣಯವಾಗದ ಚಾಚನ್ನು ಸಾಮಾನ್ಯಪದದಲ್ಲಿಯೇ ನಿಲ್ಲಿಸಬಹುದು; ಸುಳ್ಳು ಹೇಳಬೇಕಾಗಿಲ್ಲ. ಆಕ್ಸಾನಿನ ಲಕ್ಷಣದಲ್ಲಿ ವೇಗವು ಒಡಲಿನಿಂದ ‘ಸಾಮಾನ್ಯವಾಗಿ’ ಹೊರಕ್ಕೆ ಹೋಗುವುದೆಂದು ಹೇಳಿದೆ. ‘ಸಾಮಾನ್ಯವಾಗಿ’ ಎಂಬ ಮಾತು ಬಂದಲ್ಲಿ ಅದು ಲಕ್ಷಣವಲ್ಲ, ವರ್ಣನೆ ಎಂದು ತಾರ್ಕಿಕರು ಆಕ್ಷೇಪಿಸಬಹುದು; ಆಕ್ಷೇಪವು ನ್ಯಾಯವಾದುದೇ. ಆದರೆ ಪ್ರಕೃತಿಯಲ್ಲಿಯೇ ಎಲ್ಲೆಯು ಮಸುಕಾಗಿರುವಲ್ಲಿ, ನಿಷ್ಠುರವಾದ ಮಿಥ್ಯಾಲಕ್ಷಣಕ್ಕಿಂತ ಈ ಮಾತೇ ಸತ್ಯಕ್ಕೆ ಸಮೀಪವಾದುದು.

ಪದಗಳ ಸಂಬಂಧದಲ್ಲಿಯೂ ಹೀಗೆಯೇ ಎಚ್ಚರವುಂಟು. ತೇಗವು ಮರದ ಒಂದು ಜಾತಿ. ಎಲೆಯು ಮರದ ಒಂದು ಅವಯವ. ಡೆಂಡ್ರೈಟು ಚಾಚಿನ ಒಂದು ಜಾತಿ; ಅದರ ಮೇಲಿನ ‘ಸ್ಪೈನ್’ ಎಂಬ ಸಣ್ಣ ಮುಳ್ಳು ಡೆಂಡ್ರೈಟಿನ ಅವಯವ, ಅದರ ಜಾತಿಯಲ್ಲ. ಅಂತೆಯೇ ಅನೇಕರು ಕೋಶದ ಒಡಲಿಗೆ ಪರ್ಯಾಯವಾಗಿ ಬಳಸುವ ‘ಪೆರಿಕ್ಯಾರಿಯಾನ್’ ಎಂಬ ಪದವನ್ನು, ಕೋಶಕೇಂದ್ರವನ್ನು ಬಿಟ್ಟು ಉಳಿದ ಒಡಲೆಂದು ಇಲ್ಲಿ ಬೇರ್ಪಡಿಸಿದೆ. ಇದು ಕೇವಲ ಪಾಂಡಿತ್ಯಪ್ರದರ್ಶನವಲ್ಲ. ಒಂದು ಪ್ರೋಟೀನು ಮುಳ್ಳಿನಲ್ಲಿದೆಯೆಂದು ದಾಖಲೆಯಾದರೆ ಅದು ಡೆಂಡ್ರೈಟಿನಲ್ಲಿಯೂ ನರಕೋಶದಲ್ಲಿಯೂ ಇದೆಯೆಂದು ಯಂತ್ರವು ತಾನಾಗಿ ಗ್ರಹಿಸುತ್ತದೆ. ಮೇಲಿನ ಒಂದು ಕೊಂಡಿ ತಪ್ಪಿದ್ದರೆ ಕೆಳಗಿನ ದಾಖಲೆಗಳೆಲ್ಲವೂ ಆ ತಪ್ಪನ್ನು ಹೊತ್ತು ಸಾಗುತ್ತವೆ.

ಅಂಗಗಳಿಂದ ಇಡಿಯ ಕೋಶಗಳಿಗೆ ಬಂದರೂ ನೀತಿಯು ಇದೇ. ಕಹಾಲನ ಜನ್ಮಸ್ಥಳವಾದ ಪೆಟಿಲ್ಯದಲ್ಲಿ ೨೦೦೫ರಲ್ಲಿ ಸೇರಿದ ವಿದ್ವಾಂಸರು, ಮಿದುಳಿನ ತೊಗಟೆಯ ಒಂದು ಬಗೆಯ ನರಕೋಶಗಳಿಗೆ ವರ್ಗನಾಮಗಳನ್ನು ವಿಧಿಸುವುದಕ್ಕೆ ಮೊದಲು, ಆಕಾರ, ಅಣುಗಳು, ವಿದ್ಯುದ್ವ್ಯಾಪಾರ ಎಂಬ ಮೂರು ಬಗೆಯ ಗುಣಗಳನ್ನು ಹೇಳುವ ಪದಗಳನ್ನು ಗೊತ್ತುಮಾಡಿದರು. ಅದು ೨೦೦೮ರಲ್ಲಿ ಪ್ರಕಟವಾಯಿತು.

ಕನ್ನಡದಲ್ಲಿ ಶಾಸ್ತ್ರಪದಗಳನ್ನು ರಚಿಸುವವರಿಗೆ ಇದರಿಂದ ಒಂದು ಸೂಚನೆ ದೊರೆಯುತ್ತದೆ. ಡೆಂಡ್ರೈಟ್ ಎಂಬುದರ ಮೂಲ ಗ್ರೀಕಿನ ಮರ. ಆಕ್ಸಾನ್ ಎಂಬುದರದು ಅಕ್ಷ. ಎರಡೂ ಆಕಾರವನ್ನು ಹೇಳುವುವೇ ಹೊರತು ವ್ಯಾಪಾರವನ್ನು ಹೇಳುವುದಿಲ್ಲ. ಆದುದರಿಂದಲೇ ವ್ಯಾಪಾರವನ್ನು ಕುರಿತ ಮತಗಳು ಬದಲಾದರೂ ಅವು ಬಾಳಿವೆ. ಇವನ್ನು ‘ಅಂತರ್ವಾಹಿ’, ‘ಬಹಿರ್ವಾಹಿ’ ಎಂದು ಅನುವಾದಿಸಿದೆವೆನ್ನೋಣ: ಕೇಳಲು ಇಂಪಾಗಿದ್ದರೂ ಚರ್ಮದ ಕವಲಿನಲ್ಲಿ ಹೆಸರೇ ಅರ್ಥಕ್ಕೆ ವಿರೋಧಿಯಾಗಿ ನಿಲ್ಲುವುದು. ‘ಕವಲುಚಾಚು’, ‘ಅಕ್ಷಚಾಚು’ ಎಂಬಂತಹ ಸರಳಪದಗಳಿಗೆ ಆ ಭಯವಿಲ್ಲ. ಮೊದಲು ಲಕ್ಷಣವನ್ನು ಶೋಧಿಸಿ, ಅನಂತರ ಪದವನ್ನು ರಚಿಸುವುದೇ ಕ್ರಮವೆಂದು ತೋರುತ್ತದೆ.