ಕ್ಯಾನ್ಸರ್ ರೋಗಿಯ ರಕ್ತದಲ್ಲಿರುವ ಆಟೋಆ್ಯಂಟಿಬಾಡಿ ಏನು ಹೇಳುತ್ತೆ?

ವೈರಸ್, ಬ್ಯಾಕ್ಟೀರಿಯಾ ಬಂದರೆ ನಮ್ಮ ದೇಹ ಆ್ಯಂಟಿಬಾಡಿ ತಯಾರಿಸುತ್ತದೆ. ಅದು ಕೆಲವೊಮ್ಮೆ ಸ್ವಂತ ದೇಹದ ಪ್ರೊಟೀನ್ ವಿರುದ್ಧವೇ ತಿರುಗುತ್ತದೆ. ಅದೇ ಆಟೋಆ್ಯಂಟಿಬಾಡಿ.

ಸ್ತನ ಕ್ಯಾನ್ಸರ್ ಇರುವ ಕೆಲವರ ರಕ್ತದಲ್ಲಿ ಪಿ53 ಎಂಬ ಪ್ರೊಟೀನ್ ವಿರುದ್ಧದ ಆ್ಯಂಟಿಬಾಡಿ 1982ರಲ್ಲೇ ಪತ್ತೆಯಾಗಿತ್ತು. ಕೆಟ್ಟ ಪಿ53 ಕರಗದೆ ಗಡ್ಡೆಯಲ್ಲಿ ರಾಶಿ ಬೀಳುತ್ತದೆ, ದೇಹಕ್ಕೆ ಅದು ಪರಕೀಯವಾಗಿ ಕಾಣುತ್ತದೆ. ಹಲವು ಅಧ್ಯಯನಗಳಲ್ಲಿ ಇದು ಒಳ್ಳೆಯ ಸೂಚನೆಯಾಗಿ ಕಂಡಿಲ್ಲ.

ಹಾಗಂತ ಆ್ಯಂಟಿಬಾಡಿ ಅಂದರೆ ಯಾವಾಗಲೂ ಕೆಟ್ಟ ಸುದ್ದಿ ಅಲ್ಲ. ಬೀಡಿ, ಸಿಗರೇಟ್ ಸೇದುವವರಲ್ಲೇ ಹೆಚ್ಚಾಗಿ ಬರುವ 'ಸ್ಮಾಲ್ ಸೆಲ್' ಶ್ವಾಸಕೋಶದ ಕ್ಯಾನ್ಸರನ್ನೇ ನೋಡಿ. ನರದ ತುದಿಯಲ್ಲಿರುವಂಥದ್ದೇ ಕ್ಯಾಲ್ಸಿಯಂ ಚಾನೆಲ್ ಈ ಗಡ್ಡೆಯ ಕೋಶಗಳಲ್ಲೂ ಇದೆ. ಗಡ್ಡೆಗೆ ಹೊಡೆಯಲು ಹೊರಟ ಆ್ಯಂಟಿಬಾಡಿ ನರಕ್ಕೂ ಹೊಡೆಯುತ್ತದೆ. ತೊಡೆ ಸೋಲುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಬಾಯಿ ಒಣಗುತ್ತದೆ. ಇದಕ್ಕೆ ಲ್ಯಾಂಬರ್ಟ್-ಈಟನ್ ಸಿಂಡ್ರೋಮ್ ಎನ್ನುತ್ತಾರೆ. ವಿಚಿತ್ರವೆಂದರೆ, ಇಂಥವರು ಅದೇ ಕ್ಯಾನ್ಸರ್‌ನ ಉಳಿದ ರೋಗಿಗಳಿಗಿಂತ ಸರಾಸರಿ ಹೆಚ್ಚು ಕಾಲ ಬದುಕುತ್ತಾರೆ. ಕಾಲು ಸೋತದ್ದರಿಂದ ಬೇಗ ಡಾಕ್ಟರ್ ಬಳಿ ಹೋದದ್ದೂ ಇದಕ್ಕೆ ಒಂದು ಕಾರಣ ಇರಬಹುದು.

ಆದ್ದರಿಂದ ರಿಪೋರ್ಟಿನಲ್ಲಿ 'ಪಾಸಿಟಿವ್' ಕಂಡ ಕೂಡಲೇ ಮನೆಯವರು ದಿನ ಎಣಿಸಬೇಡಿ. ರೋಗ ಯಾವ ಹಂತದಲ್ಲಿದೆ, ಎಲ್ಲಿಗೆಲ್ಲ ಹರಡಿದೆ ಎಂಬುದನ್ನೇ ಡಾಕ್ಟರ್ ಮೊದಲು ನೋಡುವುದು. ಸೇದುವ ಅಭ್ಯಾಸವಿದ್ದು ಕಾಲಿನ ಶಕ್ತಿ ಕುಂದುತ್ತಿದ್ದರೆ ಮಾತ್ರ ಪ್ರಾಯ ಆಯ್ತು ಅಂತ ಸುಮ್ಮನಿರದೆ ನರರೋಗ ತಜ್ಞರಿಗೆ ತೋರಿಸಿ.